ಗೋಪ್ಯತೆ, ಖಾಸಗಿತನ, ಒಪ್ಪಿಗೆ: ತಂತ್ರಜ್ಞಾನ ಕುರಿತ ಜನಾಭಿಪ್ರಾಯದ ಭಾಷಿಕ ನೆಲೆ

೧

ಆಧಾರ್ ಜೋಡಣೆ, ಮೊಬೈಲ್ ಆ್ಯಪ್, ಬ್ಯಾಂಕಿನ ಒಟಿಪಿ, ಮಾಹಿತಿ ಸೋರಿಕೆ ಮುಂತಾದವನ್ನು ಕುರಿತ ಸುದ್ದಿಗಳು ಪತ್ರಿಕೆಗಳಲ್ಲಿ ಪ್ರಕಟವಾದಾಗಲೆಲ್ಲ ಬಸ್ಸಿನಲ್ಲಿ, ಅಂಗಡಿಯ ಮುಂದೆ, ಅಧ್ಯಾಪಕರ ಕೊಠಡಿಯಲ್ಲಿಯೂ ಸಹ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ನಾವೇನು ಕಳ್ಳತನ ಮಾಡಿದ್ದೇವೆಯೇ? ಮುಚ್ಚಿಡುವುದಕ್ಕೆ ನಮ್ಮಲ್ಲಿ ಏನಿದೆ?’ ಈ ಮಾತನ್ನು ಕಾನೂನಿನ ಅರಿವಿಲ್ಲದವರ ಉದಾಸೀನವೆಂದು ತಳ್ಳಿಹಾಕುವುದು ವಾಡಿಕೆ. ಆದರೆ ಆಡುವವರಲ್ಲಿ ವಕೀಲರೂ ಇದ್ದಾರೆ, ಎಂಜಿನಿಯರುಗಳೂ ಇದ್ದಾರೆ. ಆದುದರಿಂದ ಇದನ್ನು ಕೇವಲ ಅಜ್ಞಾನದ ಖಾತೆಗೆ ಸೇರಿಸಲಾಗದು. ಇಂಗ್ಲಿಷ್ ಮಾತನಾಡುವ ಸಮಾಜಗಳಲ್ಲಿಯೂ ಇದೇ ವಾದವಿದೆ ಎಂಬುದು ನಿಜ. ಆದರೆ ಅಲ್ಲಿ ‘ಪ್ರೈವೆಸಿ’ ಎಂಬ ಪದವೇ ಆ ವಾದಕ್ಕೆ ತಡೆಯೊಡ್ಡುತ್ತದೆ. ಕನ್ನಡದಲ್ಲಿಯಾದರೋ ನಾವು ಅದಕ್ಕೆ ಆರಿಸಿಕೊಂಡಿರುವ ಪದ ಆ ವಾದಕ್ಕೆ ಬೆಂಬಲವಾಗಿ ನಿಲ್ಲುತ್ತದೆ. ಜನಾಭಿಪ್ರಾಯದ ಈ ಭಾಷಿಕ ನೆಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

‘ಪ್ರೈವೆಸಿ’ಗೆ ಸಂವಾದಿಯಾಗಿ ಇಂದು ಕನ್ನಡದಲ್ಲಿ ಮುಖ್ಯವಾಗಿ ಎರಡು ಪದಗಳು ಬಳಕೆಯಲ್ಲಿವೆ. ಪತ್ರಿಕಾ ಬರೆಹದಲ್ಲಿ ‘ಖಾಸಗಿತನ’ ಹೆಚ್ಚಾಗಿ ಕಾಣಿಸುತ್ತದೆ. ಮೊಬೈಲಿನ ಪರದೆಯ ಮೇಲೆ, ಅಂದರೆ ಸಾಮಾನ್ಯ ಬಳಕೆದಾರ ನಿತ್ಯ ನೋಡುವ ಕಡೆ, ಕಾಣುವುದು ‘ಗೌಪ್ಯತೆ’. ಈ ರೂಪವೇ ವಿಚಾರಾರ್ಹ. ‘ಗೋಪ್ಯ’ಕ್ಕೆ ಭಾವಾರ್ಥದ ಪ್ರತ್ಯಯ ಸೇರಿದರೆ ‘ಗೋಪ್ಯತೆ’ ಆಗಬೇಕು. ‘ಗೌಪ್ಯತೆ’ಯಲ್ಲಿ ವೃದ್ಧಿಯೂ ಬಂದು ಪ್ರತ್ಯಯವೂ ಬಂದಿದೆ, ‘ಸೌಜನ್ಯತೆ’ಯ ಜಾತಿಗೆ ಸೇರಿದ ಜೋಡಿ ಹೊರೆ ಇದು. ಆದರೆ ರೂಪದ ದೋಷಕ್ಕಿಂತ ಅರ್ಥದ ತೊಡಕು ದೊಡ್ಡದು. ಸಂಸ್ಕೃತ ಧಾತು ‘ಗುಪ್’ಗೆ ಧಾತುಪಾಠ ಹೇಳುವ ಅರ್ಥ ರಕ್ಷಣೆ. ‘ಚಂದ್ರಗುಪ್ತ’ ಎಂದರೆ ಚಂದ್ರನಿಂದ ರಕ್ಷಿತನಾದವನೇ ಹೊರತು ಅಡಗಿಕೊಂಡವನಲ್ಲ. ಕಾಪಾಡಬೇಕಾದುದು ಎಂಬ ಈ ಮೊದಲ ಅರ್ಥ ಕನ್ನಡಕ್ಕೆ ಬರುವಾಗ ಬಹುಮಟ್ಟಿಗೆ ಮರೆಯಾಗಿ, ಬಚ್ಚಿಡಬೇಕಾದುದು ಎಂಬ ಅರ್ಥವೊಂದೇ ಉಳಿಯಿತು: ಗುಪ್ತಚರ, ಗುಪ್ತನಿಧಿ, ಗುಪ್ತಸಭೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಮಂತ್ರಿಗಳು ಸ್ವೀಕರಿಸುವುದು ‘ಅಧಿಕಾರ ಮತ್ತು ಗೋಪ್ಯತೆ’ಯ ಪ್ರಮಾಣವಚನ. ಅಲ್ಲಿ ಗೋಪ್ಯತೆ ಎಂದರೆ ರಾಜ್ಯದ ರಹಸ್ಯವನ್ನು ಜನರಿಗೆ ಬಿಟ್ಟುಕೊಡದಿರುವುದು. ಹೀಗೆ ಆಳುವವರು ಪ್ರಜೆಗಳಿಂದ ಮರೆಮಾಚುವುದಕ್ಕೂ, ಆಳುವವರ ಹಾಗೂ ವ್ಯಾಪಾರಿಗಳ ಕಣ್ಣಿನಿಂದ ಪ್ರಜೆ ತನ್ನನ್ನು ಕಾಪಾಡಿಕೊಳ್ಳುವುದಕ್ಕೂ ನಮ್ಮಲ್ಲಿ ಒಂದೇ ಪದವಾಗಿದೆ. ಇಂಗ್ಲಿಷಿನಲ್ಲಿ ಇವು ಸೀಕ್ರೆಸಿ ಮತ್ತು ಪ್ರೈವೆಸಿ ಎಂದು ಬೇರೆಬೇರೆ. ‘ಗೌಪ್ಯತೆಯ ಹಕ್ಕು’ ಎಂದೊಡನೆ ಕೇಳುಗನ ಮನಸ್ಸಿಗೆ ಗುಟ್ಟು ಹೊಳೆಯುತ್ತದೆ. ಗುಟ್ಟು ಎಂದೊಡನೆ ‘ಕಳ್ಳನ ಮನಸ್ಸು ಹುಳ್ಳುಳ್ಳಗೆ’ ಎಂಬ ಗಾದೆ ಹಿಂಬಾಲಿಸುತ್ತದೆ. ‘ಮುಚ್ಚಿಡುವುದಕ್ಕೆ ಏನಿದೆ’ ಎಂಬ ಪ್ರಶ್ನೆ ಆಗ ಸಹಜವಷ್ಟೇ ಅಲ್ಲ, ನೀತಿವಂತನ ಉತ್ತರವಾಗಿಯೂ ತೋರುತ್ತದೆ.

‘ಖಾಸಗಿ’ಯ ಚರಿತ್ರೆ ಬೇರೆ. ಅರಬ್ಬೀ ಮೂಲದ ‘ಖಾಸ್’ ಪಾರಸಿಯ ಮೂಲಕ ಆಡಳಿತದ ಮಾತಾಗಿ ಕನ್ನಡಕ್ಕೆ ಬಂದುದು. ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಖಾಸಾ ತಮ್ಮ’ ಎಂದರೆ ಒಡಹುಟ್ಟಿದ ಸ್ವಂತ ತಮ್ಮ. ಮುಚ್ಚುಮರೆಯ ಛಾಯೆ ಇಲ್ಲಿ ಎಳ್ಳಷ್ಟೂ ಇಲ್ಲ. ತನ್ನದು, ತನಗೆ ಸೇರಿದ್ದು ಎಂಬುದೇ ಪ್ರಧಾನ. ಆದ್ದರಿಂದ ‘ಖಾಸಗಿತನ’ವನ್ನೇ ಮೇಲೆಂದು ಒಪ್ಪಬಹುದು. ಅದಕ್ಕೂ ಒಂದು ತೊಡಕಿದೆ. ಸಾರ್ವಜನಿಕ ಆಡಳಿತದ ಭಾಷೆಯಲ್ಲಿ ‘ಖಾಸಗಿ’ ಎಂದರೆ ಸರ್ಕಾರಿಯಲ್ಲದ್ದು: ಖಾಸಗಿ ಬಸ್ಸು, ಖಾಸಗಿ ಶಾಲೆ, ೧೯೯೧ರ ನಂತರ ಮನೆಮಾತಾದ ಖಾಸಗೀಕರಣ. ಶೀರ್ಷಿಕೆಯ ಜಾಗ ಉಳಿಸಲು ಪತ್ರಿಕೆಗಳು ‘ಖಾಸಗಿ ಹಕ್ಕು’ ಎಂದು ಬರೆದಾಗ ಅದು ವ್ಯಕ್ತಿಯ ಹಕ್ಕೋ ಕಂಪನಿಯ ಹಕ್ಕೋ ಎಂಬುದು ಸಂದರ್ಭದಿಂದಲೇ ತಿಳಿಯಬೇಕು. ಖಾಸಗಿ ಕಂಪನಿ ನಮ್ಮ ಖಾಸಗಿ ಮಾಹಿತಿಯನ್ನು ಕಲೆಹಾಕುತ್ತದೆ ಎಂಬ ವಾಕ್ಯದಲ್ಲಿ ಒಂದೇ ಪದ ಎರಡು ಪಕ್ಷಗಳನ್ನೂ ಪ್ರತಿನಿಧಿಸುತ್ತದೆ.

೨

ಪದವಿಲ್ಲದಿದ್ದ ಮಾತ್ರಕ್ಕೆ ಪರಿಕಲ್ಪನೆಯೇ ಇರಲಿಲ್ಲವೆಂದು, ಇದು ಪಶ್ಚಿಮದ ಕೊಡುಗೆಯೆಂದು ತೀರ್ಮಾನಿಸುವವರಿದ್ದಾರೆ. ಹಳ್ಳಿಯಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತು ಎಂಬುದು ಅವರ ಆಧಾರ. ಈ ತೀರ್ಮಾನವನ್ನು ಒಪ್ಪುವುದು ಕಷ್ಟ. ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ, ಹಿತ್ತಿಲು ಎಂಬ ಮನೆಯ ವಿನ್ಯಾಸವೇ ಯಾರು ಎಲ್ಲಿಯವರೆಗೆ ಬರಬಹುದೆಂಬ ನಿಯಮವಾಗಿತ್ತು. ಹೊಸ್ತಿಲ ಹೊರಗೆ ನಿಂತು ಕೆಮ್ಮಿ, ‘ಯಾರಿದ್ದೀರಿ ಮನೆಯಲ್ಲಿ?’ ಎಂದು ಕೂಗಿ, ಒಳಗಿನಿಂದ ಕರೆ ಬಂದ ಮೇಲೆ ಕಾಲಿಡುವುದು ಅನುಮತಿ ಪಡೆಯುವ ವಿಧಾನವೇ. ಈ ವಿನ್ಯಾಸದಲ್ಲಿ ಜಾತಿಯ ತರತಮವೂ ಹೆಣ್ಣಿನ ಮೇಲಿನ ನಿರ್ಬಂಧವೂ ಬೆರೆತಿದ್ದುದನ್ನು ಮರೆಯಲಾಗದು. ಜಗಲಿ ದಾಟಲು ಬಿಡದಿದ್ದುದೆಲ್ಲ ಖಾಸಗಿತನದ ರಕ್ಷಣೆಯಾಗಿರಲಿಲ್ಲ. ಆದರೂ ಕರೆಯದೆ ಒಳಬರಬಾರದೆಂಬ ತಿಳಿವಳಿಕೆ ಕನ್ನಡ ಸಮಾಜಕ್ಕೆ ಹೊಸದಲ್ಲ ಎಂಬಷ್ಟು ಇದರಿಂದ ಸ್ಪಷ್ಟವಾಗುತ್ತದೆ.

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂಬ ಗಾದೆಯನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಯಾವ ಮಾಹಿತಿ ಎಲ್ಲಿಗೆ ಹರಿಯಬೇಕೆಂಬ ಸೂತ್ರ ಅದರಲ್ಲಿದೆ. ಸಂಸಾರದ ಸಂಗತಿ ಒಳಗೇ ಇರಲಿ, ಕಾಯಿಲೆಯನ್ನು ಮಾತ್ರ ನಾಲ್ಕು ಜನಕ್ಕೆ ತಿಳಿಸು. ಯಾರಿಗಾದರೂ ಮದ್ದು ಗೊತ್ತಿರಬಹುದು. ರಟ್ಟುಮಾಡುವುದರ ಉದ್ದೇಶ ಪರಿಹಾರ, ಕೇಳುವವರು ಪರಿಚಿತರು. ಔಷಧ ಕೊಂಡ ಬಿಲ್ಲಿನಿಂದ, ಆಸ್ಪತ್ರೆಯ ದಾಖಲೆಯಿಂದ ವ್ಯಾಧಿ ರಟ್ಟಾದರೆ ಕೇಳಿಸಿಕೊಳ್ಳುವವನು ಮದ್ದು ಹೇಳುವ ನೆರೆಯವನಲ್ಲ. ವಿಮೆಯ ಕಂತನ್ನು ಲೆಕ್ಕಹಾಕುವವನೋ ಜಾಹೀರಾತು ಮಾರುವವನೋ ಆಗಿರಬಹುದು. ಆಸ್ಪತ್ರೆಗೆ ಹೇಳಿದ್ದು ಆಸ್ಪತ್ರೆಯಲ್ಲಿರಬೇಕು ಎಂಬುದು ಗುಟ್ಟಿನ ಮಾತಲ್ಲ, ಎಲ್ಲಿಯದು ಅಲ್ಲಿರಬೇಕೆಂಬ ಔಚಿತ್ಯದ ಮಾತು.

ನಮ್ಮ ಸಾಂವಿಧಾನಿಕ ಚರ್ಚೆಯ ಒಂದು ಮುಖ್ಯ ಎಳೆಯೂ ಹೊಸ್ತಿಲಿನಿಂದಲೇ ಆರಂಭವಾದುದು ಗಮನಾರ್ಹ. ೧೯೫೪ರ ಎಂ. ಪಿ. ಶರ್ಮಾ ಪ್ರಕರಣ ಶೋಧನೆ ಮತ್ತು ಜಪ್ತಿಗೆ ಸಂಬಂಧಿಸಿತ್ತು. ೧೯೬೨ರ ಖಡಕ್ ಸಿಂಗ್ ಪ್ರಕರಣದಲ್ಲಿ ಉತ್ತರ ಪ್ರದೇಶದ ಪೊಲೀಸರು ರಾತ್ರಿಯ ಹೊತ್ತು ಮನೆಗೆ ಬಂದು ಎಬ್ಬಿಸುವುದನ್ನು ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು. ಆದರೆ ಬಹುಮತದ ತೀರ್ಪು ಪ್ರೈವೆಸಿ ಸಂವಿಧಾನ ನೀಡಿದ ಹಕ್ಕಲ್ಲವೆಂದೇ ಹೇಳಿತು. ಮನೆಯ ಬಾಗಿಲಿಗೆ ರಕ್ಷಣೆ ದೊರೆಯಿತು, ಮನುಷ್ಯನಿಗೆ ದೊರೆಯಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು (೧೯೨೬-೨೦೨೪) ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, ೨೦೧೨ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಅದರ ವಿಚಾರಣೆಯಲ್ಲಿ ಸರ್ಕಾರದ ಪರ ವಕೀಲರು ಈ ಹಳೆಯ ತೀರ್ಪುಗಳನ್ನೇ ಮುಂದಿಟ್ಟರು. ೨೦೧೭ರ ಆಗಸ್ಟ್ ೨೪ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಅಭಿಪ್ರಾಯವನ್ನು ತಳ್ಳಿಹಾಕಿ, ಇದು ೨೧ನೆಯ ವಿಧಿಯ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವಾದ ಮೂಲಭೂತ ಹಕ್ಕೆಂದು ಸಾರಿತು. ವ್ಯಕ್ತಿ ಬೀದಿಯಲ್ಲಿದ್ದಾನೆ ಎಂಬ ಕಾರಣಕ್ಕೇ ಈ ಹಕ್ಕು ಇಲ್ಲವಾಗದು, ಅದು ಸ್ಥಳಕ್ಕಲ್ಲ, ವ್ಯಕ್ತಿಗೆ ಅಂಟಿಕೊಂಡದ್ದು ಎಂಬುದು ಆ ತೀರ್ಪಿನ ತಿರುಳುಗಳಲ್ಲೊಂದು. ಬೀದಿಯಲ್ಲಿ ನಡೆಯುವುದರಲ್ಲಿ ಮುಚ್ಚುಮರೆ ಏನೂ ಇಲ್ಲ. ಹಾಗಿದ್ದೂ ಅಲ್ಲಿ ಉಳಿಯುವ ಹಕ್ಕನ್ನು ‘ಗೌಪ್ಯತೆ’ ಎಂದು ಕರೆದರೆ ತೀರ್ಪಿನ ತಿರುಳೇ ಭಾಷಾಂತರದಲ್ಲಿ ಕಳೆದುಹೋಗುತ್ತದೆ.

೩

ತಂತ್ರಜ್ಞಾನದ ದೈನಂದಿನ ವ್ಯವಹಾರದಲ್ಲಿ ಇನ್ನೊಂದು ಪದಕ್ಕೆ ಇದಕ್ಕಿಂತಲೂ ಹೆಚ್ಚಿನ ತೂಕವಿದೆ. ಪರದೆಯ ಕೊನೆಯಲ್ಲಿ ಕಾಣುವ ‘ಒಪ್ಪುತ್ತೇನೆ’ ಎಂಬ ಗುಂಡಿ ಅದು. ‘ಒಪ್ಪು’ ಕನ್ನಡದ ಅತ್ಯಂತ ಹಳೆಯ ಹಾಗೂ ಹುಲುಸಾದ ಧಾತುಗಳಲ್ಲೊಂದು: ಹೊಂದು, ಚೆಲುವಾಗಿ ಕಾಣು, ಸಮ್ಮತಿಸು. ವಿಜಯನಗರ ಕಾಲದ ಶಾಸನಗಳಲ್ಲಿ ‘ಒಪ್ಪ’ ಎಂದರೆ ರುಜು. ‘ಶ್ರೀ ವಿರೂಪಾಕ್ಷ’ ಎಂಬುದು ಅರಸರ ಒಪ್ಪವಾಗಿ ಶಾಸನದ ಕೊನೆಯಲ್ಲಿ ಬರುವುದು ಶಾಸನಾಭ್ಯಾಸಿಗಳಿಗೆ ಪರಿಚಿತ. ಕ್ರಯಪತ್ರಗಳಲ್ಲಿ ಒಕ್ಕಣೆಯನ್ನು ಓದಿಸಿ ಕೇಳಿ, ಸರಿಯಿದೆಯೆಂದು ಒಪ್ಪಿ, ಸಾಕ್ಷಿಗಳ ಸಮಕ್ಷಮ ರುಜು ಹಾಕುವ ಪದ್ಧತಿ ಇಂದಿಗೂ ಇದೆ. ಅಕ್ಷರ ಬಾರದವನ ಹೆಬ್ಬೆಟ್ಟಿಗೂ ಮೊದಲು ಓದಿ ಹೇಳುವ ಒಬ್ಬ ಬರೆಹಗಾರನಿರುತ್ತಿದ್ದ. ಒಪ್ಪುವ ಮೊದಲು ಕೇಳಿಸಿಕೊಳ್ಳುವುದು ನಮ್ಮ ದಸ್ತಾವೇಜು ಪರಂಪರೆಯಲ್ಲಿ ಶಿಷ್ಟಾಚಾರವಲ್ಲ, ಒಪ್ಪಿಗೆಯ ಅಂಗವೇ ಆಗಿತ್ತು. ಪರದೆಯ ಗುಂಡಿ ಈ ಅಂಗವನ್ನು ಬಿಟ್ಟು ರುಜುವನ್ನು ಮಾತ್ರ ಉಳಿಸಿಕೊಂಡಿದೆ.

ಇದೇ ಧಾತುವಿನ ಪ್ರೇರಣಾರ್ಥಕ ‘ಒಪ್ಪಿಸು’ ಎಂದರೆ ಸಮ್ಮತಿ ಪಡೆ ಎಂದೂ ಆಗುತ್ತದೆ, ವಶಕ್ಕೆ ಕೊಡು ಎಂದೂ ಆಗುತ್ತದೆ. ಜನ ‘ಒಪ್ಪುತ್ತೇನೆ’ ಎಂದು ಒತ್ತುತ್ತಾರೆ, ನಡೆಯುವುದು ಒಪ್ಪಿಸುವಿಕೆ. ಸಾಲ ಕೊಡುವ ಕೆಲವು ಆ್ಯಪ್‌ಗಳು ಪಡೆದವನ ಮೊಬೈಲಿನಲ್ಲಿದ್ದ ಬಂಧುಮಿತ್ರರ ನಂಬರುಗಳನ್ನೆಲ್ಲ ತೆಗೆದುಕೊಂಡು, ಕಂತು ತಪ್ಪಿದಾಗ ಅವರಿಗೆ ಕರೆ ಮಾಡಿ ಮಾನ ಕಳೆದ ಸುದ್ದಿಗಳು ಬಂದ ಮೇಲೆ, ೨೦೨೨ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಇಂತಹ ಆ್ಯಪ್‌ಗಳು ಸಂಪರ್ಕಪಟ್ಟಿಯನ್ನಾಗಲಿ ಕರೆಗಳ ವಿವರವನ್ನಾಗಲಿ ಮುಟ್ಟಕೂಡದೆಂದು ಮಾರ್ಗಸೂಚಿ ಹೊರಡಿಸಿತು. ಈ ಸುದ್ದಿಗಳ ಸಂದರ್ಭದಲ್ಲಿ ಮಾತ್ರ ‘ಮುಚ್ಚಿಡುವುದಕ್ಕೆ ಏನಿದೆ’ ಎಂಬ ಮಾತು ಅಷ್ಟಾಗಿ ಕೇಳಿಬರದಿರುವುದು ಅರ್ಥಪೂರ್ಣ. ಕಾರಣ, ಇಲ್ಲಿ ಕನ್ನಡಿಗನಿಗೆ ಕೈಗೆಟುಕುವ ಪದವಿದೆ: ‘ಮರ್ಯಾದೆ’. ಒಡವೆಯನ್ನು ಅಡವಿಡುವುದು ಗೊತ್ತಿದ್ದ ಸಮಾಜಕ್ಕೆ ನೆಂಟರಿಷ್ಟರ ಹೆಸರುಗಳನ್ನು ಒತ್ತೆಯಿಡುವುದು ಅನ್ಯಾಯವೆಂದು ತಿಳಿಯಲು ಯಾವ ಪಾರಿಭಾಷಿಕ ಪದವೂ ಬೇಕಾಗಲಿಲ್ಲ.

‘ಗ್ರಾಹಕ’ ಎಂಬ ಪದವೂ ಈಗ ಪರೀಕ್ಷೆಗೊಳಗಾಗಿದೆ. ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮ (೨೦೨೦ರ ಜುಲೈ ೨೦ರಿಂದ ಜಾರಿ) ಗ್ರಾಹಕನು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಇತರರಿಗೆ ನೀಡುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಪರಿಗಣಿಸುತ್ತದೆ. ೧೯೮೬ರ ಹಳೆಯ ಅಧಿನಿಯಮಕ್ಕಿಂತ ಇದು ಒಂದು ಹೆಜ್ಜೆ ಮುಂದೆ. ಬಿಲ್ಲು ಹಾಕಲು ಮೊಬೈಲ್ ನಂಬರು ಕೊಡಲೇಬೇಕೆಂದು ಅಂಗಡಿಗಳು ಒತ್ತಾಯಿಸಕೂಡದೆಂದು ೨೦೨೩ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಸೂಚಿಸಿತು. ಆದರೆ ಪ್ರತಿಫಲವಿಲ್ಲದೆ ಒದಗಿಸುವ ಸೇವೆ ಆ ಅಧಿನಿಯಮದ ‘ಸೇವೆ’ಯ ವ್ಯಾಖ್ಯೆಯಲ್ಲಿ ಬರುವುದಿಲ್ಲ. ದುಡ್ಡು ಕೊಡದೆ ಬಳಸುವ ಆ್ಯಪ್‌ನವನಿಗೆ ನಾವು ಕೊಡುವ ಮಾಹಿತಿಯೇ ಪ್ರತಿಫಲವಲ್ಲವೇ ಎಂಬುದು ವಾದಕ್ಕೆ ಯೋಗ್ಯವಾದ ಪ್ರಶ್ನೆ. ‘ಬಿಟ್ಟಿ’ ಎಂಬ ಪದಕ್ಕೆ ಕೂಲಿಯಿಲ್ಲದ ದುಡಿತ ಎಂಬ ಅರ್ಥವೂ ಇರುವುದನ್ನು ಇಲ್ಲಿ ನೆನೆಯಬಹುದು: ಬಿಟ್ಟಿ ಸಿಕ್ಕಿತೆಂದು ಬಳಸುವವನೇ ಬಿಟ್ಟಿ ದುಡಿಯುತ್ತಿದ್ದಾನೆ.

ಈ ಎಲ್ಲ ಪದಗಳೂ ಈಗ ಕನ್ನಡ ಅಧ್ಯಾಪಕರ ಮೇಜಿಗೆ ಬರಲು ಒಂದು ಕಾರಣವಿದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ೫ ಮತ್ತು ೬ನೆಯ ಪ್ರಕರಣಗಳ ಪ್ರಕಾರ, ಮಾಹಿತಿ ಕೇಳುವ ಸೂಚನೆಯನ್ನೂ ಒಪ್ಪಿಗೆಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರತಕ್ಕದ್ದು. ಕೋರಿಕೆಯ ಭಾಷೆ ಸ್ಪಷ್ಟವಾಗಿಯೂ ಸರಳವಾಗಿಯೂ ಇರತಕ್ಕದ್ದು. ಅನುಸೂಚಿಯ ೨೨ ಭಾಷೆಗಳಲ್ಲಿ ಕನ್ನಡವೂ ಒಂದು. ಮಾಹಿತಿ ಪಡೆದ ಸಂಸ್ಥೆಯನ್ನು ಈ ಅಧಿನಿಯಮ ‘ಫಿಡ್ಯೂಷಿಯರಿ’ ಎನ್ನುತ್ತದೆ. ಅಂದರೆ ಪರರದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವನು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಬಹುದೆಂದೂ ಅದು ಹೇಳುತ್ತದೆ. ‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂದು ನಂಬಿದ ಜನಕ್ಕೆ ಈ ಅವಕಾಶ ಮಾತಿಗೆ ತಪ್ಪಿದಂತೆ ಕಾಣುವ ಸಂಭವವಿದೆ. ಇದು ವಚನಭಂಗವಲ್ಲ, ಕೊಟ್ಟ ವಸ್ತುವನ್ನು ವಾಪಸು ಕೇಳುವುದು ಎಂದು ತಿಳಿಸಬೇಕಾದುದು ಸೂಚನೆಯ ಕನ್ನಡವೇ. ತಪ್ಪಿದ ಸಂಸ್ಥೆಗೆ ೨೫೦ ಕೋಟಿ ರೂಪಾಯಿಗಳವರೆಗೆ ದಂಡವಿದೆಯಾದರೂ ಆ ಹಣ ಭಾರತದ ಸಂಚಿತ ನಿಧಿಗೆ ಸೇರುತ್ತದೆ, ನೊಂದವನ ಕೈಗಲ್ಲ. ಆದ್ದರಿಂದ ಒಪ್ಪುವ ಗಳಿಗೆಯಲ್ಲಿ ಅವನಿಗೆ ಏನು ಅರ್ಥವಾಯಿತು ಎಂಬುದಕ್ಕೆ ಇನ್ನಷ್ಟು ಮಹತ್ವ ಬರುತ್ತದೆ.

‘ನಮ್ಮ ಸೇವೆಗಳ ಬಳಕೆಯನ್ನು ಮುಂದುವರಿಸುವ ಮೂಲಕ ನೀವು ನಮ್ಮ ಗೌಪ್ಯತಾ ನೀತಿಗೆ ಸಮ್ಮತಿಸುತ್ತೀರಿ’ ಎಂಬ ಧಾಟಿಯ ವಾಕ್ಯಗಳು ನಮಗೆ ಅಭ್ಯಾಸವಾಗಿಹೋಗಿವೆ. ಇದರಲ್ಲಿ ಕ್ರಿಯೆ ಮಾಡುವವನು ‘ನೀವು’ ಒಬ್ಬನೇ. ಕಂಪನಿ ಷಷ್ಠಿಯಲ್ಲಿ ನಿಂತು ಏನನ್ನೂ ಮಾಡುವುದಿಲ್ಲ. ಇದೇ ವಿಷಯವನ್ನು ‘ನೀವು ಕೊಡುವ ಫೋನ್ ನಂಬರನ್ನು ನಾವು ಇಟ್ಟುಕೊಳ್ಳುತ್ತೇವೆ. ಅದನ್ನು ಇಂತಿಂಥವರಿಗೆ ಕೊಡುತ್ತೇವೆ. ಬೇಡವೆಂದರೆ ಅಳಿಸುತ್ತೇವೆ’ ಎಂದು ಬರೆದರೆ ಕರ್ತೃಸ್ಥಾನದಲ್ಲಿ ‘ನಾವು’ ಬರುತ್ತದೆ. ಇಟ್ಟುಕೊಳ್ಳು, ಕೊಡು, ಅಳಿಸು ಎಂಬ ಮೂರು ಕ್ರಿಯಾಪದಗಳಿಗೂ ಕಂಪನಿ ಉತ್ತರವಾದಿಯಾಗುತ್ತದೆ. ಗೋಪ್ಯತೆ, ಖಾಸಗಿತನ ಎಂಬ ಎರಡರಲ್ಲಿ ಯಾವುದೂ ಅಲ್ಲಿ ಬೇಕಾಗುವುದಿಲ್ಲ. ೨೦೨೫ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಇಂತಹ ಸೂಚನೆ ನೀಡುವ ಹೊಣೆಗೆ ೧೮ ತಿಂಗಳ ಗಡುವು ಕೊಟ್ಟಿವೆ. ಅದು ೨೦೨೭ರ ಮೇ ತಿಂಗಳಿಗೆ ಮುಗಿಯುತ್ತದೆ. ಅಷ್ಟರೊಳಗೆ ಈ ವಾಕ್ಯಗಳನ್ನು ಯಂತ್ರಾನುವಾದಕ್ಕೆ ಬಿಡದೆ ಕನ್ನಡ ಬಲ್ಲವರು ಕುಳಿತು ಬರೆಯಬೇಕಾಗಿದೆ.