ನಾಚಿಕೆ ಯಾರದು?

ಬೀದರ ಜಿಲ್ಲೆಯ ಮನ್ನಾಏಖೇಳ್ಳಿಯು ಹೈದರಾಬಾದು-ಪುಣೆ ಹೆದ್ದಾರಿಯಲ್ಲಿರುವ ಗ್ರಾಮ. ಅಲ್ಲಿಂದ ಪಶ್ಚಿಮಕ್ಕೆ ಹುಮನಾಬಾದ್, ಅದರಾಚೆ ಬಸವಕಲ್ಯಾಣ. ಹನ್ನೆರಡನೆಯ ಶತಮಾನದ ಆ ಕಲ್ಯಾಣದಲ್ಲಿ ಶರಣೆಯರು ನಿರ್ಭಯವಾಗಿ ಮಾತನಾಡಿದರೆಂದು ನಾಡು ಹೆಮ್ಮೆಯಿಂದ ಸ್ಮರಿಸುತ್ತದೆ. ಆದರೆ ಹೆಣ್ಣಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ ಇಂದಿಗೂ ಎಷ್ಟೋ ಊರುಗಳಲ್ಲಿ ಮಾತು ಅಡಗಿಹೋಗುತ್ತದೆ. 'ಮನೆತನದ ಮಾನ ಹೋದೀತು' ಎಂಬ ಅಂಜಿಕೆ ಹೆತ್ತವರ ಬಾಯನ್ನು ಕಟ್ಟುತ್ತದೆ. ತಪ್ಪು ಮಾಡಿದವನು ತಲೆಯೆತ್ತಿ ನಡೆಯುತ್ತಾನೆ. ನೊಂದವಳು ತಲೆ ತಗ್ಗಿಸುತ್ತಾಳೆ.

ಇಂಥ ಮೌನವನ್ನೇ ಒಪ್ಪಿಗೆಯೆಂದು ಎಣಿಸಿದ ನಿದರ್ಶನ ನೆರೆಯ ಮಹಾರಾಷ್ಟ್ರದಲ್ಲಿದೆ. 1972ರಲ್ಲಿ ಅಲ್ಲಿನ ಒಂದು ಪೊಲೀಸ್ ಠಾಣೆಯಲ್ಲಿ ಆದಿವಾಸಿ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂಬ ದೂರು ದಾಖಲಾಯಿತು. ಆಕೆಯ ಮೈಮೇಲೆ ಗಾಯಗಳಿಲ್ಲವೆಂಬುದೇ ಮೊದಲಾದ ಕಾರಣಗಳಿಂದ ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಆರೋಪಿಗಳಾದ ಇಬ್ಬರು ಪೊಲೀಸರನ್ನು ಬಿಡುಗಡೆ ಮಾಡಿತು. ಮರುವರ್ಷ ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದು ಈ ತೀರ್ಪನ್ನು ಪ್ರಶ್ನಿಸಿದರು. ಭಯದಿಂದ ಸುಮ್ಮನಾಗುವುದು ಸಮ್ಮತಿಯಲ್ಲವೆಂಬುದು ಅವರ ವಾದ. ದೇಶದ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ನೊಂದವರ ಹೆಸರನ್ನು ಪ್ರಕಟಿಸುವುದೂ ಅಂದಿನಿಂದ ಅಪರಾಧವಾಯಿತು.

ಕಾನೂನು ಬದಲಾದರೆ ಸಾಲದು. ಊರಿನ ಮನಸ್ಸೂ ಬದಲಾಗಬೇಕು. ಇದಕ್ಕೆ ಬೀದರ ಜಿಲ್ಲೆಯೇ ಒಂದು ದಾರಿ ಕಂಡಿತು. 1989ರಲ್ಲಿ ಮಹಿಳಾ ಸಮಖ್ಯಾ ಎಂಬ ಶಿಕ್ಷಣ ಕಾರ್ಯಕ್ರಮವು ಕರ್ನಾಟಕದಲ್ಲಿ ಮೊದಲು ಬೀದರ, ವಿಜಾಪುರ ಮತ್ತು ಮೈಸೂರು ಜಿಲ್ಲೆಗಳಲ್ಲಿ ಆರಂಭವಾಯಿತು. ಕೂಲಿ ಮಾಡುವ ಬಡ ಹೆಂಗಸರು ಸಂಘ ಕಟ್ಟಿ ಒಂದೆಡೆ ಕುಳಿತರು. ಮೊದಲು ನೀರು, ಕೂಲಿಗಳ ಮಾತು. ಬಳಿಕ ಮನೆಯೊಳಗಿನ ಹಿಂಸೆಯ ಮಾತು. ಒಬ್ಬಳ ಎದೆಯಲ್ಲಿ ಗುಟ್ಟಾಗಿದ್ದ ದುಃಖವು ಹಲವರ ಕಿವಿಗೆ ಬಿದ್ದಾಗ ಅದು ಎಲ್ಲರೂ ಎದುರಿಸಬೇಕಾದ ಅನ್ಯಾಯವಾಯಿತು.

ಹದಿನೆಂಟು ವರ್ಷದೊಳಗಿನ ಬಾಲಕ ಬಾಲಕಿಯರ ರಕ್ಷಣೆಗಾಗಿ 2012ರಲ್ಲಿ ಪೋಕ್ಸೋ ಕಾಯ್ದೆ ಬಂದಿತು. ಅದರಂತೆ ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಇಲ್ಲವೆ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯು, ಸಮವಸ್ತ್ರವಿಲ್ಲದೆ ಬರೆದುಕೊಳ್ಳಬೇಕು. ವಿಚಾರಣೆ ಗೋಪ್ಯವಾಗಿ ನಡೆಯಬೇಕು. ಅಪರಾಧವನ್ನು ತಿಳಿದೂ ಮುಚ್ಚಿಡುವುದು ಶಿಕ್ಷಾರ್ಹ. ಆದುದರಿಂದ ಇಂಥ ಸಂಗತಿಯನ್ನು ಊರ ಹಿರಿಯರು ದಂಡ ಹಾಕಿ ರಾಜಿಯಲ್ಲಿ ಮುಗಿಸುವಂತಿಲ್ಲ. ಆಸ್ಪತ್ರೆಗಳು ತಕ್ಷಣವೇ ಉಚಿತ ಚಿಕಿತ್ಸೆ ನೀಡಬೇಕು.

ದೌರ್ಜನ್ಯ ಎಸಗುವವನು ಬಹುಮಟ್ಟಿಗೆ ಪರಿಚಿತನೇ ಆಗಿರುತ್ತಾನೆ. ಆದ್ದರಿಂದಲೇ ಹೇಳಿಕೊಳ್ಳುವುದು ಕಷ್ಟ. ಗೆಳತಿಯೋ ಗೆಳೆಯನೋ ಅಂಥ ನೋವನ್ನು ತೋಡಿಕೊಂಡರೆ 'ಅಲ್ಲಿಗೇಕೆ ಹೋದೆ?' ಎಂದು ಕೇಳಬಾರದು. 'ನಿನ್ನ ತಪ್ಪಿಲ್ಲ' ಎಂಬ ಒಂದು ಮಾತು ಮೊದಲ ಔಷಧ. ಬಳಿಕ ನಂಬಿಕೆಯ ಹಿರಿಯರಿಗೆ ತಿಳಿಸಬೇಕು, ಇಲ್ಲವೆ 1098ಕ್ಕೆ ದೂರವಾಣಿ ಮಾಡಬೇಕು, ಬೇರೆಯವರಲ್ಲಿ ಆಡಿಕೊಳ್ಳಬಾರದು. ನಾಚಿಕೆ ಅಪರಾಧಿಯದು, ನೊಂದವರದಲ್ಲ. ಇದನ್ನು ಅರಿತ ಊರಿನಲ್ಲಿ ನೊಂದ ಮಗು ಒಂಟಿಯಲ್ಲ.

ಅಭ್ಯಾಸ
1. 1979ರ ಬಹಿರಂಗ ಪತ್ರದ ವಾದವೇನು?
2. ಸಂಘವು ಒಬ್ಬಳ ದುಃಖವನ್ನು ಹೇಗೆ ಎಲ್ಲರ ಹೊಣೆಯಾಗಿಸಿತು?
3. ಈ ಪಾಠದಲ್ಲಿ ಆದಿವಾಸಿ ಬಾಲಕಿಯ ಹೆಸರನ್ನು ಹೇಳಿಲ್ಲವೇಕೆ?