ನೆಟ್ ಯಾಕ ಬರವಲ್ದು?

ಹೋದ ಕರೆಂಟ್ ಸಂಜೆ ಏಳಕ್ಕೆ ಬಂದಿರುತ್ತದೆ. ಪಹಣಿ ತೆಗೆಯಲೆಂದೋ, ಮಗಳ ವಿದ್ಯಾರ್ಥಿವೇತನದ ಅರ್ಜಿ ತುಂಬಲೆಂದೋ ಕಂಪ್ಯೂಟರ್ ಮುಂದೆ ಕೂತರೆ ಪರದೆಯ ಬಲ ಮೂಲೆಯಲ್ಲಿರುವ ಪುಟ್ಟ ಗೋಳದ ಚಿತ್ರಕ್ಕೆ ಅಡ್ಡಗೀಟು ಬಿದ್ದಿರುತ್ತದೆ. ಐದಾರು ಸಲ ಮೌಸ್ ಕುಟ್ಟಿ, ಎರಡು ಸಲ ಕಂಪ್ಯೂಟರ್ ಬಂದ್ ಮಾಡಿ ಚಾಲೂ ಮಾಡಿ, ಕೊನೆಗೆ ಲೈನ್ ನೋಡುವವರಿಗೆ ಫೋನ್ ಹೋಗುತ್ತದೆ. ‘ನೆಟ್ ಬರವಲ್ದ್ರಿ ಅಣ್ಣಾರ.’ ಆ ಕಡೆಯಿಂದ ಬರುವ ಮೊದಲ ಮಾತು: ‘ಡಬ್ಬಿ ಮ್ಯಾಲ ಕೆಂಪ ಲೈಟ್ ಹತ್ತೈತೇನ್ರಿ?’ ಚಿಕ್ಕೋಡಿಯಿಂದ ಕಾಗವಾಡದವರೆಗೆ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಗೋಡೆಯಲ್ಲಿರುವ ಆ ಮೋಡೆಮ್ ಡಬ್ಬಿಯ ಕಡೆ ಯಾರೂ ಕಣ್ಣು ಹಾಕಿರುವುದೇ ಇಲ್ಲ.

ನೋಡಬೇಕಾದ ರೀತಿ ಈ ಭಾಗದ ರೈತರಿಗೆ ಹೊಸದೇನಲ್ಲ. ಕೃಷ್ಣಾ, ದೂಧಗಂಗಾ ನದಿಗಳಿಂದ ದೂರದೂರದ ಹೊಲಗಳಿಗೆ ಪೈಪ್‌ಲೈನ್ ಎಳೆದು ನೀರು ತಂದವರು ಅವರು. ಮೋಟರ್ ತಿರುಗುತ್ತಿದ್ದರೂ ನೀರು ಬರದಿದ್ದರೆ ಯಾರೂ ಕಬ್ಬು ಕಿತ್ತು ನೋಡುವುದಿಲ್ಲ. ಫ್ಯೂಸು, ಸ್ಟಾರ್ಟರ್, ಫುಟ್‌ವಾಲ್ವ್, ಪೈಪಿನ ಜೋಡು ಎಂದು ಸಾಲು ಹಿಡಿದು ಬರುತ್ತಾರೆ. ಇಂಟರ್ನೆಟ್ಟೂ ಹಾಗೆಯೇ ಹಾದು ಬರುವ ಸರಕು. ಕಂಬದ ಮೇಲಿನ ಫೈಬರ್, ಗೋಡೆಯ ಡಬ್ಬಿ, ವೈಫೈ ಅಥವಾ ವೈರು, ಕಡೆಗೆ ಕಂಪ್ಯೂಟರ್. ತುಂಡಾದದ್ದು ಎಲ್ಲಿ ಎಂದು ಮೊದಲು ಗೊತ್ತಾಗಬೇಕು, ರಿಪೇರಿ ಆಮೇಲೆ.

ಅದಕ್ಕೆ ಎರಡು ನಿಮಿಷದ ಪರೀಕ್ಷೆಯೊಂದಿದೆ. ಮೊಬೈಲಿನ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಮಾತ್ರ ಜೋಡಿಸಿ ಯಾವುದಾದರೂ ಒಂದು ವೆಬ್‌ಸೈಟ್ ತೆರೆಯಬೇಕು. ಮೊಬೈಲಿನಲ್ಲಿ ತೆರೆದರೆ ಲೈನ್ ಸರಿಯಿದೆ, ಗುನ್ನೆ ಕಂಪ್ಯೂಟರಿನದು. ಮೊಬೈಲಿನಲ್ಲೂ ತೆರೆಯದಿದ್ದರೆ ಕಂಪ್ಯೂಟರನ್ನು ಅದರ ಪಾಡಿಗೆ ಬಿಟ್ಟು ಡಬ್ಬಿಯತ್ತ ನಡೆಯಬೇಕು. ತಿರುಗಾಮುರುಗಾ ಮಾಡಿಯೂ ನೋಡಬಹುದು. ಮೊಬೈಲಿನ ಡೇಟಾ ಮತ್ತೆ ಆನ್ ಮಾಡಿ, ಹಾಟ್‌ಸ್ಪಾಟ್ ಹಾಕಿ ಅದಕ್ಕೆ ಕಂಪ್ಯೂಟರ್ ಜೋಡಿಸುವುದು. ವೈಫೈ ಇಲ್ಲದ ಹಳೆಯ ಡೆಸ್ಕ್‌ಟಾಪ್ ಆದರೆ ಚಾರ್ಜಿಂಗ್ ಕೇಬಲನ್ನೇ ಸಿಕ್ಕಿಸಿ ಮೊಬೈಲಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಕು. ಹೀಗೆ ನೆಟ್ ಬಂದರೆ ಕಂಪ್ಯೂಟರ್ ಸರಿಯಿದೆ. ಗಡಿಯ ಹಳ್ಳಿಗಳಲ್ಲಿ ಇಲ್ಲೊಂದು ತೊಡಕು. ನಿಪ್ಪಾಣಿಯಿಂದ ಕಾಗಲ್, ಕಾಗವಾಡದಿಂದ ಮಿರಜ್ ಹೆಚ್ಚು ದೂರವಿಲ್ಲ. ಮೊಬೈಲು ಮನೆಯೊಳಗೆ ಕೂತಲ್ಲೇ ಮಹಾರಾಷ್ಟ್ರದ ಟವರ್ ಹಿಡಿದಿರಬಹುದು. ಡೇಟಾ ರೋಮಿಂಗ್ ಆಫ್ ಇದ್ದರೆ ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ನೆಟ್ ಬಾರದಿರಬಹುದು. ಆ ಬಟನ್ ನೋಡದೆ ಕಂಪ್ಯೂಟರ್ ಮೇಲೆ ತಪ್ಪು ಹೊರಿಸಿದರೆ ಪರೀಕ್ಷೆಯೇ ಸುಳ್ಳಾಗುತ್ತದೆ.

ಇನ್ನು ಡಬ್ಬಿ. ಫೈಬರ್ ಸಂಪರ್ಕದ ಡಬ್ಬಿಗಳ ಮೇಲೆ ಪವರ್, ಪಾನ್, ಲಾಸ್, ಲ್ಯಾನ್, ಇಂಟರ್ನೆಟ್ ಎಂಬ ಹೆಸರಿನ ಸಣ್ಣ ದೀಪಗಳ ಸಾಲಿರುತ್ತದೆ. ಓದಬೇಕಾದದ್ದು ಮುಖ್ಯವಾಗಿ ಎರಡು. ‘ಪಾನ್’ ಹಸಿರಾಗಿ ಮಿಟುಕದೆ ನಿಂತಿದ್ದರೆ ಹೊರಗಿನ ಲೈನ್ ಚೆನ್ನಾಗಿದೆ. ‘ಲಾಸ್’ ಕೆಂಪಾಗಿ ಹೊತ್ತಿದ್ದರೆ ಅಥವಾ ಮಿಟುಕುತ್ತಿದ್ದರೆ ಫೈಬರಿನೊಳಗೆ ಬರಬೇಕಾದ ಬೆಳಕು ಡಬ್ಬಿಯವರೆಗೆ ಬರುತ್ತಿಲ್ಲ. ಫೈಬರ್ ಎಂದರೆ ಗಾಜಿನ ಎಳೆ, ದಪ್ಪ 125 ಮೈಕ್ರಾನ್, ಹೆಚ್ಚುಕಡಿಮೆ ತಲೆಗೂದಲಿನಷ್ಟು. ಬೆಳಕು ಹರಿಯುವುದು ಅದರ ನಡುವಿನ ಸುಮಾರು 9 ಮೈಕ್ರಾನ್ ದಾರಿಯಲ್ಲಿ. ತಾಮ್ರದ ವೈರನ್ನು ಮೊಳೆಗೆ ಸುತ್ತಿದರೂ ಕರೆಂಟ್ ಹರಿಯುತ್ತದೆ. ಈ ಎಳೆಯನ್ನು ಗಟ್ಟಿಯಾಗಿ ಮಡಚಿದರೆ ಬೆಳಕು ತಿರುವಿನಲ್ಲೇ ಸೋರಿ ಹೋಗುತ್ತದೆ.

ಹಾಗಾಗಿ ಕೆಂಪು ದೀಪ ಕಂಡಾಗ ಮೊದಲು ಡಬ್ಬಿಯ ಬೆನ್ನು ನೋಡಬೇಕು. ಅಲ್ಲಿಗೆ ಬಂದು ಸೇರುವ ತೆಳ್ಳನೆಯ ಬಳ್ಳಿ ಸಾಮಾನ್ಯವಾಗಿ ಹಳದಿ ಅಥವಾ ಬಿಳಿ, ತುದಿಗೆ ಹಸಿರು ಅಥವಾ ನೀಲಿ ಪಿನ್ನು. ದೀಪಾವಳಿಗೆ ಸುಣ್ಣಬಣ್ಣ ಬಳಿದವರು ಟಿವಿ ಶೋಕೇಸ್ ಗೋಡೆಗೆ ಒತ್ತಿ ಇಟ್ಟಿರುತ್ತಾರೆ, ಹಿಂದೆ ಬಳ್ಳಿ ಜಜ್ಜಿರುತ್ತದೆ. ಉದ್ದ ಹೆಚ್ಚಾಯಿತೆಂದು ಯಾರೋ ಸುರುಳಿ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿದಿರುತ್ತಾರೆ. ಇಲ್ಲವೇ ಇಲಿ ಕಡಿದಿರುತ್ತದೆ. ಮಡಿಕೆ ಬಿಡಿಸಿ, ಅಂಗೈ ಅಗಲದ ಸಡಿಲ ಸುರುಳಿ ಮಾಡಿ, ಪಿನ್ನು ‘ಟಿಕ್’ ಎನ್ನುವವರೆಗೆ ಒತ್ತಿದರೆ ಕೆಲವೊಮ್ಮೆ ಅಲ್ಲಿಗೇ ಕೆಲಸ ಮುಗಿಯುತ್ತದೆ. ಪಿನ್ನನ್ನು ಹೊರಗೆಳೆದು ಲುಂಗಿಯ ಚುಂಗಿನಿಂದ ಒರೆಸುವುದು ಬೇಡ, ಆ ತುದಿಯಲ್ಲಿ ಧೂಳಿನ ಕಣವೊಂದು ಕೂತರೂ ಬೆಳಕಿಗೆ ಅಡ್ಡಿ. ತುದಿಯನ್ನು ಕಣ್ಣಿಗೆ ಹಿಡಿದು ‘ಬೆಳಕ ಬರತೈತೇನ’ ಎಂದು ಇಣುಕುವುದಂತೂ ಕೂಡದು. ಅದು ಕಣ್ಣಿಗೆ ಕಾಣದ ಲೇಸರ್ ಬೆಳಕು.

ಒಳಗೆ ಎಲ್ಲ ಸರಿಯಿದ್ದೂ ಕೆಂಪು ಆರದಿದ್ದರೆ ಪಕ್ಕದ ಮನೆಯವರನ್ನು ಕೇಳಬೇಕು. ಮುಖ್ಯ ಫೈಬರಿನ ಒಂದೇ ಎಳೆಯ ಬೆಳಕನ್ನು ಸೀಳಿ ಹತ್ತಾರು ಮನೆಗಳಿಗೆ ಹಂಚಿರುತ್ತಾರೆ. ಓಣಿಗೆ ಓಣಿಯೇ ಬಂದ್ ಆಗಿದ್ದರೆ ತುಂಡಾದದ್ದು ಬೀದಿಯಲ್ಲಿ. ಒಬ್ಬರ ಮನೆಯಲ್ಲಿ ಮಾತ್ರವಾದರೆ ಕಂಬದಿಂದ ಆ ಮನೆಗೆ ಇಳಿದ ವೈರಿನಲ್ಲಿ. ಇದಿಷ್ಟನ್ನು ಫೋನಿನಲ್ಲಿ ಹೇಳಿದರೆ ಲೈನ್‌ಮನ್ನನ ಅರ್ಧ ಓಡಾಟ ತಪ್ಪುತ್ತದೆ. ಈ ತಾಲ್ಲೂಕುಗಳಲ್ಲಿ ಫೈಬರಿಗೆ ಕಂಟಕಗಳೂ ಋತುವಿಗೆ ತಕ್ಕಂತೆ ಬರುತ್ತವೆ. ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್‌ಗಳು ಮನೆಯ ಎತ್ತರಕ್ಕೆ ಕಬ್ಬು ಹೇರಿಕೊಂಡು ಬರುವಾಗ, ರಸ್ತೆಗೆ ಅಡ್ಡಲಾಗಿ ಜೋತುಬಿದ್ದ ವೈರು ಕಬ್ಬಿನ ಸೋಗೆಗೆ ಸಿಕ್ಕಿದರೆ ಕಿತ್ತು ಬರುವುದೇ. ಬೇಸಿಗೆಯಲ್ಲಿ ಜೆಸಿಬಿ. ನೆಲ ಅಗೆಯುವ ಮೊದಲು ಅಲ್ಲಿ ಕೇಬಲ್ ಹೂಳಿರುವ ಕಂಪನಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ತಂದಿದೆ. ಮನೆ ಮುಂದೆ ನೀರಿನ ಪೈಪು ಹೂಳಿಸುವವರು ಅದನ್ನು ಬಳಸಿದ್ದನ್ನು ಕಂಡವರು ಕಡಿಮೆ.

ಮಳೆಗಾಲದ್ದು ಬೇರೆಯೇ ಕತೆ. 2019ರ ಆಗಸ್ಟ್ ಮತ್ತು 2021ರ ಜುಲೈನ ಮಹಾಪೂರ ಕಂಡ ನದಿದಂಡೆಯ ಊರುಗಳಲ್ಲಿ ಜನ ಮನೆ ಬಿಡುವಾಗ ಟಿವಿ, ಮಿಕ್ಸರ್ ಹೊತ್ತುಕೊಂಡು ಹೋಗುತ್ತಾರೆ, ಮೊಳಕಾಲೆತ್ತರದಲ್ಲಿ ತೂಗಿದ ನೆಟ್ ಡಬ್ಬಿ ನೆನಪಾಗುವುದಿಲ್ಲ. ನೀರು ಕುಡಿದ ಡಬ್ಬಿಯನ್ನು ಒಣಗಿಸದೆ ಪ್ಲಗ್ಗಿಗೆ ಹಾಕಿದರೆ ಸುಟ್ಟೇ ಹೋದೀತು. ಗಾಜಿನ ಎಳೆಯಲ್ಲಿ ಸಿಡಿಲಿನ ಕರೆಂಟ್ ಹರಿಯುವುದಿಲ್ಲ, ನಿಜ. ಆದರೆ ಡಬ್ಬಿಯ ಕರೆಂಟ್ ವೈರು ಮತ್ತು ಕಂಪ್ಯೂಟರಿಗೆ ಹೋಗುವ ಲ್ಯಾನ್ ಕೇಬಲ್ ತಾಮ್ರದವೇ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡುವ ಹಳೆಯ ಟಿವಿ ಕಾಲದ ರೂಢಿಯನ್ನು ಇಲ್ಲಿಯೂ ಬಿಡಬಾರದು.

ದೀಪವೇ ಹೊತ್ತದಿದ್ದರೆ, ಇಲ್ಲವೇ ಡಬ್ಬಿ ಎರಡೆರಡು ನಿಮಿಷಕ್ಕೆ ತಾನೇ ಆರಿ ಹೊತ್ತುತ್ತಿದ್ದರೆ ಅನುಮಾನ ಪಡಬೇಕಾದದ್ದು ಅಡಾಪ್ಟರ್ ಮೇಲೆ. ಬಹಳಷ್ಟು ಡಬ್ಬಿಗಳಿಗೆ ಬೇಕಾದದ್ದು 12 ವೋಲ್ಟ್. ಆಂಪಿಯರ್ ಮಾತ್ರ ಒಂದೊಂದಕ್ಕೆ ಒಂದೊಂದು. ಡಬ್ಬಿಯ ತಳದಲ್ಲಿ ಅಚ್ಚು ಹಾಕಿರುತ್ತದೆ. ಸಂತೆಯಲ್ಲಿ ಸಿಕ್ಕ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಪಿನ್ನು ಕೂತಿತೆಂದು ಹಾಕಿದರೆ, ಆಂಪಿಯರ್ ಸಾಲದೆ ದೀಪ ಹೊತ್ತೀತು, ವೈಫೈ ಏಳದು. ಕರೆಂಟ್ ಹೋಗಿ ಬಂದ ಮೇಲೆ ನೆಟ್ ನಿಂತಿದ್ದರೆ ಡಬ್ಬಿಯ ಸ್ವಿಚ್ ಆರಿಸಿ, ಎರಡು ನಿಮಿಷ ಸುಮ್ಮನಿದ್ದು ಹಚ್ಚಬೇಕು. ‘ಪಾನ್’ ಹಸಿರಾದ ಮೇಲೆಯೇ ಕಂಪ್ಯೂಟರ್.

ಇಲ್ಲೇ ಒಂದು ಎಚ್ಚರಿಕೆ. ಡಬ್ಬಿಯ ಹಿಂದೆ ಸೂಜಿ ತೂರುವಷ್ಟು ತೂತು ಇರುತ್ತದೆ, ಪಕ್ಕದಲ್ಲಿ ರೀಸೆಟ್ ಎಂದು ಬರೆದಿರುತ್ತದೆ. ಪಿನ್ನು ತೂರಿಸಿ ಹತ್ತು ಸೆಕೆಂಡ್ ಒತ್ತಿದರೆ ಡಬ್ಬಿ ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಗೆ ಹೋಗುತ್ತದೆ. ವೈಫೈ ಹೆಸರು, ಪಾಸ್‌ವರ್ಡ್ ಹೋಗಲಿ, ಸಂಪರ್ಕ ಕೊಟ್ಟವರು ಒಳಗೆ ತುಂಬಿದ ಬಳಕೆದಾರರ ಐಡಿಯೂ ಅಳಿಸಿ ಹೋಗಬಹುದು. ಕೊನೆಗೆ ಸಣ್ಣ ತೊಂದರೆ ದೊಡ್ಡದಾಗಿ ಎರಡು ದಿನ ಕಾಯುವ ಪಾಳಿ. ಯೂಟ್ಯೂಬ್ ನೋಡಿ ಮೊದಲು ಆ ತೂತಿಗೇ ಕೈ ಹಾಕುವ ಹುಡುಗರು ಪ್ರತಿ ಮನೆಯಲ್ಲೂ ಇರುತ್ತಾರೆ. ಸ್ವಿಚ್ ಆರಿಸಿ ಹಚ್ಚುವುದು ರೀಸ್ಟಾರ್ಟ್. ತೂತು ಒತ್ತುವುದು ರೀಸೆಟ್. ಎರಡೂ ಒಂದಲ್ಲ ಎಂದು ಡಬ್ಬಿಯ ಮೇಲೆಯೇ ಚೀಟಿ ಅಂಟಿಸಿದರೂ ತಪ್ಪಿಲ್ಲ.

‘ಪಾನ್’ ಹಸಿರು, ವೈಫೈ ಸಿಗುತ್ತಿದೆ, ಯಾವ ಸಾಧನದಲ್ಲೂ ನೆಟ್ ಮಾತ್ರ ಇಲ್ಲ ಎಂದಾದರೆ ರಿಚಾರ್ಜ್ ಮುಗಿದಿದೆಯೇ ನೋಡಬೇಕು. ನಗುವ ಮಾತಲ್ಲ, ಎಷ್ಟೋ ದೂರುಗಳು ಇಲ್ಲೇ ತೀರುತ್ತವೆ.

ಈಗ ಕಂಪ್ಯೂಟರ್. ಎಷ್ಟೋ ಲ್ಯಾಪ್‌ಟಾಪ್‌ಗಳ ಕೀಲಿಮಣೆಯಲ್ಲಿ ವಿಮಾನದ ಚಿತ್ರದ ಕೀ ಇರುತ್ತದೆ. ಮಕ್ಕಳ ಕೈ ತಾಗಿ ಏರೋಪ್ಲೇನ್ ಮೋಡ್ ಹತ್ತಿದ್ದರೆ ವೈಫೈ ಮಾಯ. ಲ್ಯಾನ್ ಕೇಬಲ್ ಇದ್ದರೆ ಎರಡೂ ತುದಿಯ ಪುಟ್ಟ ದೀಪಗಳು ಮಿನುಗಬೇಕು. ಮಿನುಗದಿದ್ದರೆ ಪಿನ್ನಿನ ಪ್ಲಾಸ್ಟಿಕ್ ಕೊಕ್ಕೆ ಮುರಿದು ಸಡಿಲವಾಗಿರಬಹುದು. ಅಥಣಿ, ರಾಯಬಾಗದ ಹಳೆಯ ಮಣ್ಣು–ಕಲ್ಲಿನ ಮನೆಗಳಲ್ಲಿ ಇನ್ನೊಂದು ಸಮಸ್ಯೆ ಗೋಡೆ. ಪಡಸಾಲೆಯಲ್ಲಿ ಡಬ್ಬಿ, ಒಳಕೋಣೆಯಲ್ಲಿ ಕಂಪ್ಯೂಟರ್, ನಡುವೆ ಎರಡಡಿ ದಪ್ಪದ ಗೋಡೆ. ಡಬ್ಬಿಯಿಂದ ಎರಡು ವೈಫೈ ಹೆಸರು ಕಾಣುತ್ತಿದ್ದರೆ ‘5ಜಿ’ ಎಂದು ಕೊನೆಯಾಗುವುದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು. ಆ ‘5ಜಿ’ ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಅಲೆ. ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. 2.4 ಗಿಗಾಹರ್ಟ್ಸ್‌ನದು ನಿಧಾನಿ, ಆದರೆ ಒಳಕೋಣೆ ಮುಟ್ಟುತ್ತದೆ.

ಇದಿಷ್ಟಾದರೂ ಆಗದಿದ್ದರೆ ಕಂಪ್ಯೂಟರನ್ನೇ ಕೇಳಬಹುದು. ಸ್ಟಾರ್ಟ್ ಒತ್ತಿ ಸಿ, ಎಂ, ಡಿ ಎಂಬ ಮೂರು ಇಂಗ್ಲಿಷ್ ಅಕ್ಷರ ಹೊಡೆದು ಎಂಟರ್ ಕೊಟ್ಟರೆ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಐ, ಪಿ, ಸಿ, ಒ, ಎನ್, ಎಫ್, ಐ, ಜಿ ಎಂದು ಬಿಡುವಿಲ್ಲದೆ ಹೊಡೆದರೆ ನಾಲ್ಕೈದು ಸಾಲು ಅಂಕಿ ಬರುತ್ತವೆ. ಐಪಿವಿ4 ಎದುರಿನ ಅಂಕಿ 192.168ರಿಂದ ಶುರುವಾದರೆ ಡಬ್ಬಿ ಕಂಪ್ಯೂಟರಿಗೆ ಮನೆ ನಂಬರ್ ಕೊಟ್ಟಿದೆ ಎಂದೇ ಹೆಚ್ಚಾಗಿ ಅರ್ಥ. 169.254ರಿಂದ ಶುರುವಾದರೆ ಕೊಟ್ಟಿಲ್ಲ; ಕಂಪ್ಯೂಟರ್ ತಾನೇ ಒಂದು ನಂಬರ್ ಹಚ್ಚಿಕೊಂಡು ಕೂತಿದೆ. ಇಂಥಲ್ಲಿ ವೈಫೈ ಬಿಡಿಸಿ ಮತ್ತೆ ಜೋಡಿಸುವುದು, ಕೇಬಲ್ ಬದಲಿಸುವುದು. ನಂಬರ್ ಸರಿಯಿದ್ದರೆ ಅದೇ ಕಿಟಕಿಯಲ್ಲಿ ಪಿಂಗ್ ಎಂಬುದನ್ನು ಇಂಗ್ಲಿಷಿನಲ್ಲಿ ಹೊಡೆದು, ಒಂದು ಜಾಗ ಬಿಟ್ಟು 8.8.8.8 ಹಾಕಬೇಕು. ಅದು ಗೂಗಲ್‌ನ ಒಂದು ಸರ್ವರಿನ ವಿಳಾಸ. ಅಲ್ಲಿಂದ ‘ರಿಪ್ಲೈ’ ಬಂದೂ ವೆಬ್‌ಸೈಟ್ ತೆರೆಯದಿದ್ದರೆ ದಾರಿ ಇದೆ, ಹೆಸರು ಹುಡುಕುವ ವ್ಯವಸ್ಥೆ ಕೆಟ್ಟಿದೆ ಎಂದರ್ಥ. ಮೊಬೈಲಿನಲ್ಲಿ ಹೆಸರು ಒತ್ತಿದರೆ ನಂಬರ್ ತಾನೇ ಹೋಗುವಂತೆ ಇಂಟರ್ನೆಟ್ಟಿಗೂ ಡಿಎನ್‌ಎಸ್ ಎಂಬ ಹೆಸರು–ನಂಬರಿನ ಪುಸ್ತಕವಿದೆ. ವೈಫೈ ಸೆಟ್ಟಿಂಗಿನಲ್ಲಿ ಡಿಎನ್‌ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ತುಂಬಿದರೆ ಪುಸ್ತಕ ಬದಲಾಗುತ್ತದೆ. ಕಡೆಯ ಉಪಾಯ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿರುವ ನೆಟ್‌ವರ್ಕ್ ರೀಸೆಟ್. ಅದನ್ನು ಒತ್ತಿದರೆ ನೆನಪಿಟ್ಟುಕೊಂಡ ವೈಫೈ ಪಾಸ್‌ವರ್ಡ್‌ಗಳೆಲ್ಲ ಅಳಿಯುತ್ತವೆ, ಮೊದಲೇ ಬರೆದಿಟ್ಟುಕೊಂಡಿರಬೇಕು.

ಕರೆಂಟ್ ಪದೇ ಪದೇ ಹೋಗುವ ಊರುಗಳ ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ವಿಚಿತ್ರ ದೋಷವೊಂದು ಕಾಣಿಸುತ್ತದೆ. ವೈಫೈ ಇದೆ, ಪಿಂಗ್ ಆಗುತ್ತದೆ, ಯಾವ ಸೈಟ್ ತೆರೆದರೂ ‘ನಿಮ್ಮ ಸಂಪರ್ಕ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ. ಮೂಲೆಯ ಗಡಿಯಾರ ನೋಡಿದರೆ ಹತ್ತಿಪ್ಪತ್ತು ವರ್ಷ ಹಿಂದಿನ ತಾರೀಖು! ಒಳಗಿನ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಸೆಲ್ ಇರುತ್ತದೆ, ಹೆಚ್ಚಾಗಿ ಸಿಆರ್ 2032 ಎಂಬ 3 ವೋಲ್ಟಿನದು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು ಅದೇ. ಅದು ಸತ್ತರೆ ತಾರೀಖು ಹಿಂದಕ್ಕೆ ಓಡುತ್ತದೆ. ಪ್ರತಿ ಸುರಕ್ಷಿತ ವೆಬ್‌ಸೈಟಿಗೂ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಪ್ರಮಾಣಪತ್ರ ಇರುವುದರಿಂದ, ಹಿಂದಿನ ಶತಮಾನದಲ್ಲೋ ದಶಕದಲ್ಲೋ ಕೂತ ಕಂಪ್ಯೂಟರ್ ಅದನ್ನು ಒಪ್ಪುವುದಿಲ್ಲ. ತಾರೀಖು ಸರಿಪಡಿಸಿದ ಕೂಡಲೇ ನೆಟ್ ಬರುತ್ತದೆ. ಸೆಲ್ ಬದಲಿಸದಿದ್ದರೆ ಪ್ಲಗ್ ಕಿತ್ತ ಪ್ರತಿ ಸಲವೂ ಅದೇ ರಾಮಾಯಣ. ಊರ ವಾಚ್ ರಿಪೇರಿ ಅಂಗಡಿಯಲ್ಲೂ ಆ ಸೆಲ್ ಸಿಗಬಹುದು.

ಎಲ್ಲ ಸರಿಯಿದ್ದೂ ಒಂದೇ ಸೈಟ್ ತೆರೆಯದಿದ್ದರೆ ಮನೆಯ ಕಂಪ್ಯೂಟರನ್ನು ಬಯ್ಯುವಂತಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ರಾಜ್ಯದ ಮನೆಮನೆಯವರೂ ಒಂದೇ ಬಾಗಿಲಿಗೆ ನುಗ್ಗುತ್ತಾರೆ, ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಮಕ್ಕಳೂ ಆ ಸಾಲಿನಲ್ಲೇ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ ದಿನಗಟ್ಟಲೆ ತೆವಳಿತ್ತು. ಹೊರಗಿನಿಂದ ಸುಳ್ಳು ವಿನಂತಿಗಳನ್ನು ಹೇರಿ ನಡೆಸಿದ ದಾಳಿ ಕಾರಣವೆಂದು ಸರ್ಕಾರ ಹೇಳಿತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸ್ಆ್ಯಪ್, ಇನ್‌ಸ್ಟಾಗ್ರಾಂ ಸುಮಾರು ಆರು ತಾಸು ನಿಂತಾಗ ಸೋತದ್ದು ಆ ಕಂಪನಿಯದೇ ದಾರಿಸೂಚಿ. ಅವರ ಸರ್ವರ್‌ಗಳಿಗೆ ಹೋಗುವ ದಾರಿ ಇಂಟರ್ನೆಟ್ಟಿನ ನಕ್ಷೆಯಿಂದಲೇ ಅಳಿದು ಹೋಗಿತ್ತು. ಅವತ್ತು ಮೊಬೈಲ್ ಆರಿಸಿ ಹಚ್ಚಿದವರಿಗೆ ಲೆಕ್ಕವಿಲ್ಲ.

ದೂರು ಕೊಡುವಾಗ ‘ನೆಟ್ ಇಲ್ರಿ’ ಎಂದಷ್ಟೇ ಹೇಳದೆ ಯಾವ ದೀಪ ಯಾವ ಬಣ್ಣ, ಎಷ್ಟು ಹೊತ್ತಿನಿಂದ, ನೆರೆಮನೆಯಲ್ಲಿ ಹೇಗೆ ಎಂಬುದನ್ನು ಹೇಳಿ ದೂರಿನ ಡಾಕೆಟ್ ನಂಬರ್ ಬರೆದುಕೊಳ್ಳಬೇಕು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ದೂರು ತೀರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಶುಲ್ಕವಿಲ್ಲ. ಅದಕ್ಕೆ ಆ ನಂಬರೇ ಆಧಾರ. ‘ನೆಟ್ ಸರಿ ಮಾಡತೀವಿ, ಈ ಆ್ಯಪ್ ಹಾಕ್ಕೊಂಡು ಓಟಿಪಿ ಹೇಳ್ರಿ’ ಎಂದು ತಾವಾಗಿಯೇ ಫೋನ್ ಮಾಡುವವರು ಲೈನ್‌ಮನ್ ಅಲ್ಲ, ಕಳ್ಳರು. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಲೈನ್‌ಮನ್ ಬಂದು ಕಿಸೆಯಿಂದ ಅಂಗೈಯಗಲದ ಮೀಟರ್ ತೆಗೆದು ಹಸಿರು ಪಿನ್ನನ್ನು ಅದಕ್ಕೆ ಸಿಕ್ಕಿಸುತ್ತಾನೆ. ಪರದೆಯಲ್ಲಿ ಮೈನಸ್ ಅಂಕಿ ಮೂಡುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಬೆಳಕು ಚೆನ್ನಾಗಿದೆ. ಮೈನಸ್ 27 ದಾಟಿದರೆ ಡಬ್ಬಿಗೆ ಬೆಳಕು ಕಾಣುವುದು ಕಷ್ಟ. ‘ಎಷ್ಟ ಬಂತ್ರಿ?’ ಎಂದು ಕೇಳಿ, ಆ ಅಂಕಿಯನ್ನೂ ತಾರೀಖನ್ನೂ ಡಬ್ಬಿಯ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟರೆ, ಮುಂದಿನ ಸಲ ಅವನು ಬಂದಾಗ ಹೋಲಿಸಿ ನೋಡಲು ಬರುತ್ತದೆ.