ಜ್ವರ: ಕೈ ಹೇಳುವುದೊಂದು, ಥರ್ಮಾಮೀಟರ್ ಹೇಳುವುದೊಂದು

"ಡಾಕ್ಟ್ರೇ, ರಾತ್ರಿಯೆಲ್ಲ ಮಗುವಿನ ಮೈ ಕೆಂಡದ ಹಾಗೆ ಸುಡುತ್ತಿತ್ತು" ಎಂದು ತಾಯಂದಿರು ಹೇಳುವುದುಂಟು. ಎಷ್ಟು ಡಿಗ್ರಿ ಇತ್ತೆಂದು ಕೇಳಿದರೆ ಉತ್ತರವಿರುವುದಿಲ್ಲ. ಹಣೆ ಮುಟ್ಟಿ ನೋಡಿದ್ದೇ ಅಳತೆ.

ಕೈಯನ್ನು ಪೂರ್ತಿ ನಂಬುವಂತಿಲ್ಲ. ಬೇಕಾದರೆ ಮನೆಯಲ್ಲೇ ಪರೀಕ್ಷಿಸಿ. ಮೂರು ಪಾತ್ರೆಗಳಲ್ಲಿ ತಣ್ಣೀರು, ಉಗುರುಬೆಚ್ಚಗಿನ ನೀರು, ಕೈ ತಾಳುವಷ್ಟು ಬಿಸಿನೀರು ಇಟ್ಟುಕೊಳ್ಳಿ. ಒಂದು ಕೈಯನ್ನು ತಣ್ಣೀರಿನಲ್ಲೂ ಇನ್ನೊಂದನ್ನು ಬಿಸಿನೀರಿನಲ್ಲೂ ಒಂದು ನಿಮಿಷ ಅದ್ದಿ, ಬಳಿಕ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿ. ಅದೇ ನೀರು ಒಂದು ಕೈಗೆ ಬಿಸಿ, ಇನ್ನೊಂದಕ್ಕೆ ತಣ್ಣಗೆ! ಪಾತ್ರೆ ತೊಳೆದು ಬಂದ ಕೈಗೆ ಆರೋಗ್ಯವಂತ ಮಗುವಿನ ಹಣೆಯೂ ಬಿಸಿ ಎನಿಸೀತು.

ಶಾಖ ಬೇರೆ, ತಾಪ ಬೇರೆ. ಒಂದು ಚಮಚ ಕುದಿಯುವ ನೀರಿಗಿಂತ ಒಂದು ಹಂಡೆ ಬೆಚ್ಚಗಿನ ನೀರಿನಲ್ಲಿ ಶಾಖ ಹೆಚ್ಚು. ಆದರೆ ತಾಪ ಹೆಚ್ಚಿರುವುದು ಚಮಚದ ನೀರಿನಲ್ಲಿ. ತಾಪ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಶಾಖ ಹರಿಯುತ್ತದೆ, ಎರಡೂ ಸಮನಾದಾಗ ನಿಲ್ಲುತ್ತದೆ. ಥರ್ಮಾಮೀಟರ್ ಅಳೆಯುವುದು ಹೀಗೆಯೇ. ಆದ್ದರಿಂದ ಅದಕ್ಕೆ ಸಮಯ ಕೊಡಬೇಕು. ಪಾದರಸದ ಥರ್ಮಾಮೀಟರನ್ನು 95 ಡಿಗ್ರಿಗಿಂತ ಕೆಳಗೆ ಕೊಡವಿ, ಕಂಕುಳಲ್ಲಿ ಐದು ನಿಮಿಷ ಇಡಿ. ಡಿಜಿಟಲ್ ಆದರೆ ಸದ್ದು ಬರುವವರೆಗೆ ಕಾಯಿರಿ. ಬಿಸಿ ಕಾಫಿ ಕುಡಿದ ಕೂಡಲೇ ಬಾಯಲ್ಲಿ ಇಡಬೇಡಿ. ತೊಳೆಯಲು ಬಿಸಿನೀರು ಬೇಡ.

98.6 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 37 ಡಿಗ್ರಿ ಸೆಲ್ಸಿಯಸ್, ಒಂದು ಸರಾಸರಿ ಮಾತ್ರ. ಬೆಳಿಗ್ಗೆ ತುಸು ಕಡಿಮೆ, ಸಂಜೆ ತುಸು ಹೆಚ್ಚು ಇರುವುದು ಸಹಜ. 100.4 ದಾಟಿದರೆ ಜ್ವರವೆನ್ನಿ. ಕಂಕುಳಿನ ಅಳತೆ ಬಾಯಿಯದಕ್ಕಿಂತ ಸ್ವಲ್ಪ ಕಡಿಮೆ ಬರುತ್ತದೆ.

ಇನ್ನು ಒದ್ದೆ ಬಟ್ಟೆಯ ವಿಚಾರ. ನೀರು ಆವಿಯಾಗುವಾಗ ಮೈಯ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಗ್ರಾಂ ನೀರಿಗೆ ಸುಮಾರು 580 ಕ್ಯಾಲೊರಿ. ಹತ್ತು ಕಿಲೋ ತೂಕದ ಮಗುವಿನ ತಾಪವನ್ನು ಒಂದು ಸೆಲ್ಸಿಯಸ್ ಡಿಗ್ರಿ ಇಳಿಸಲು ಸುಮಾರು 8,300 ಕ್ಯಾಲೊರಿ ಹೋಗಬೇಕು. ಲೆಕ್ಕದ ಪ್ರಕಾರ ಮೂರು ಟೀ ಚಮಚದಷ್ಟು ನೀರು ಮೈಮೇಲಿಂದ ಆರಿದರೆ ಸಾಕು! ಆದರೆ ದೇಹ ಶಾಖವನ್ನು ಉತ್ಪಾದಿಸುತ್ತಲೇ ಇರುವುದರಿಂದ ಈ ಉಪಶಮನ ತಾತ್ಕಾಲಿಕ. ಒರೆಸುವುದಾದರೆ ಉಗುರುಬೆಚ್ಚಗಿನ ನೀರಿನಲ್ಲಿ ಒರೆಸಿ, ಗಾಳಿಯಾಡಲು ಬಿಡಿ. ಮೇಲೆ ಕಂಬಳಿ ಹೊದಿಸಿದರೆ ನೀರು ಆರುವುದಾದರೂ ಹೇಗೆ? ಐಸ್ ನೀರು ಬೇಡವೇ ಬೇಡ. ಚರ್ಮದ ರಕ್ತನಾಳಗಳು ಸಂಕುಚಿಸಿ ಶಾಖ ಒಳಗೇ ಉಳಿಯುತ್ತದೆ. ನಡುಕ ಹುಟ್ಟಿ ಇನ್ನಷ್ಟು ಶಾಖ ಉಂಟಾಗುತ್ತದೆ. ಮಗು ನಡುಗತೊಡಗಿದರೆ ಒರೆಸುವುದನ್ನು ನಿಲ್ಲಿಸಿ.

ಪ್ಯಾರಸಿಟಮಾಲ್ ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರು ನಿರ್ಧರಿಸಬೇಕು. ಮಕ್ಕಳಿಗೆ ಆಸ್ಪಿರಿನ್ ಕೊಡಬೇಡಿ. ಆಗಾಗ್ಗೆ ನೀರು, ಗಂಜಿ ಕುಡಿಸಿ; ಎದೆಹಾಲು ನಿಲ್ಲಿಸಬೇಡಿ.

ಅಂಕಿಯೊಂದೇ ಮುಖ್ಯವಲ್ಲ, ಮಗು ಹೇಗಿದೆ ಎಂಬುದೂ ಮುಖ್ಯ. 102 ಇದ್ದರೂ ಆಡುವ ಮಗುವಿಗಿಂತ, 100 ಇದ್ದು ಮಂಕಾಗಿ ಮಲಗಿದ ಮಗು ಹೆಚ್ಚು ಚಿಂತೆಗೆ ಕಾರಣ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ, ಫಿಟ್ಸ್, ಉಸಿರಾಟದ ತೊಂದರೆ ಅಥವಾ ಕತ್ತು ಬಿಗಿತ ಕಂಡರೆ, ಮೂತ್ರ ಕಡಿಮೆಯಾದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಗಂಟೆ ಮತ್ತು ಡಿಗ್ರಿ ಬರೆದ ಚೀಟಿಯೊಂದು ಜೊತೆಗಿರಲಿ. ವೈದ್ಯರಿಗೆ ಅದು ಬಹಳ ಉಪಯುಕ್ತ.